ಹೂವು ಅಂದ್ರೆ ಯಾವ ಹೂವು?

ಏನಮ್ಮ, ಹೇಗಿದ್ದೀಯ?

ಚಿತ್ರಕಲೆಯಲ್ಲಿ ಹೂವು ಅಂತ ನೀನು ಕಳಿಸಿದ್ದ ಲೇಖನ ನಿನ್ನೆ ರಾತ್ರಿ ಓದ್ದೆ. ಭಾಷೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತಾವರೆ ಅಂದ್ರೆ ಪವಿತ್ರತೆ, ಗುಲಾಬಿ ಅಂದ್ರೆ ಪ್ರೀತಿ, ಬಿಳಿ ಲಿಲ್ಲಿ ಅಂದ್ರೆ ಕನ್ಯೆ ಮೇರಿ ಅಂತ ಪಟ್ಟಿ ಮಾಡ್ಕೊಂಡು ಹೋಗಿದ್ದೀಯಲ್ಲ, ಅಲ್ಲಿ ನಂಗೆ ಚಿತ್ರನೇ ಕಾಣಿಸ್ಲಿಲ್ಲ. ಅರ್ಥ ಸಿಕ್ಕಿಬಿಡ್ತು ಅನ್ನಿಸಿದ ತಕ್ಷಣ ಕಣ್ಣು ನೋಡೋದನ್ನ ನಿಲ್ಲಿಸಿಬಿಡುತ್ತೆ ಕಣಮ್ಮ.

ದೇವರಾಜ ಮಾರ್ಕೆಟ್ಟಲ್ಲಿ ಹೂವಿನವರ ಮುಂದೆ ನಿಂತು ಹೂವು ಕೊಡಿ ಅಂದ್ರೆ ಏನು ಕೇಳ್ತಾರೆ? ಯಾವ ಹೂವು, ದೇವರಿಗಾ ಮುಡಿಯೋಕಾ, ಕಟ್ಟಿದ್ದಾ ಬಿಡಿ ಹೂವಾ ಅಂತ ತಾನೇ? ಚಿತ್ರದ ಮುಂದೆ ನಿಂತಾಗ ನೀನೂ ಅಷ್ಟು ಕೇಳ್ಕೊ, ಸಾಕು.

ಉಮ್ಮತ್ತಿ ಹೂವನ್ನೇ ತಗೋ. ನಮ್ಮ ಮಂಡ್ಯ ಕಡೆ ತಿಪ್ಪೆ ಪಕ್ಕ, ರೋಡ್ ಸೈಡಲ್ಲಿ ಬೆಳ್ಕೊಂಡಿರುತ್ತೆ, ಗಿಡ ಪೂರ್ತಿ ವಿಷ, ಮಕ್ಕಳು ಮುಟ್ಟಿದ್ರೆ ಬೈತಾರೆ, ಶಿವರಾತ್ರಿ ದಿನ ಮಾತ್ರ ಅದೇ ಹೂವು ಹುಡುಕ್ಕೊಂಡು ಹೋಗಿ ಕಿತ್ತು ತಂದು ಈಶ್ವರನಿಗೆ ಏರಿಸ್ತಾರೆ. ಅದೇ ಜಾತಿ ಹೂವನ್ನ ಅಮೆರಿಕದ ಚಿತ್ರಗಾರ್ತಿ ಜಾರ್ಜಿಯಾ ಓಕೀಫ್ 1932ರಲ್ಲಿ ನಾಲ್ಕು ಅಡಿ ಎತ್ತರದ ಕ್ಯಾನ್ವಾಸ್ ತುಂಬಾ ಬರೆದ್ರು, ಒಂದೇ ಒಂದು ಹೂವು, ಹಿಂದೆ ಎಲೆ, ಅಷ್ಟೇ. 2014ರಲ್ಲಿ ಅದು 4 ಕೋಟಿ 44 ಲಕ್ಷ ಡಾಲರ್‌ಗೆ ಹರಾಜಾಯ್ತು. ಆ ಹೂವಲ್ಲಿ ಶಿವ ಇಲ್ಲ. ವಿಮರ್ಶಕರು ಅವರ ಹೂವುಗಳಲ್ಲೆಲ್ಲ ಹೆಣ್ಣಿನ ದೇಹ ಕಂಡ್ರು, ಆಯಮ್ಮ ಬದುಕಿರೋವರ್ಗೂ ಅಲ್ಲ ಅಲ್ಲ ಅಂತಾನೇ ಇದ್ರು. ನಂಗನ್ನಿಸೋದು, ಕಾಲಡಿ ಸಿಗೋ ಹೂವನ್ನ ಅಷ್ಟು ದೊಡ್ಡದು ಮಾಡಿ ಎದುರಿಗೆ ನಿಲ್ಲಿಸಿದ್ದೇ ಅವರು ಹೇಳಿದ ಮಾತು. ಸೈಜನ್ನೂ ಓದ್ಬೇಕು, ಹೂವಿನ ಹೆಸರು ಹೇಳಿ ಮುಂದಕ್ಕೆ ಹೋದ್ರೆ ಇದೆಲ್ಲ ತಪ್ಪಿಹೋಗುತ್ತೆ.

ರವಿವರ್ಮನ ಲಕ್ಷ್ಮಿ ಬಗ್ಗೆ ನೀನು ಬರೆದದ್ದು ಒಂದೇ ಸಾಲು, ಅದೂ ತಾವರೆ ಮೇಲೆ ನಿಂತಿದ್ದಾಳೆ ಅಂತ. ಆ ಪ್ರಿಂಟು ನಮ್ಮ ಎಷ್ಟು ಅಂಗಡಿ ಗಲ್ಲಾ ಮೇಲಿದೆ, ನೋಡಿ ನೋಡಿ ಕಾಣದಂಗಾಗಿದೆ. ಸೀರೆಗೆ ನಿಜವಾದ ತೂಕ ಇದೆ, ನೆರಿಗೆ ಇದೆ, ಮೈಗೆ ನೆರಳು ಬೆಳಕು ಇದೆ, ಎಲ್ಲ ಯುರೋಪಿನ ಎಣ್ಣೆಬಣ್ಣದ ವಿದ್ಯೆ. ಇಷ್ಟು ತೂಕದ ಹೆಂಗಸು ನಿಂತಿದ್ರೂ ಕೆಳಗಿರೋ ತಾವರೆ ಜಗ್ಗಿಲ್ಲ. ಪಕ್ಕದಲ್ಲಿ ಆನೆ ಹಾರ ಹಿಡ್ಕೊಂಡಿದೆ. ದೇವತೆ ಅನ್ನೋದು ಗೊತ್ತಾಗೋದು ಆ ಹೂವಿಂದ, ನಾಲ್ಕು ಕೈಯಿಂದ ಅಷ್ಟೇ ಅಲ್ಲ. ಪವಿತ್ರತೆ ಅನ್ನೋ ಪದ ಬಳಸದೇನೇ ಇದನ್ನ ಬರೀಬಹುದು, ಬರ್ದು ನೋಡು.

ಡಚ್ಚರ ಹೂದಾನಿ ಚಿತ್ರಗಳನ್ನ ಸುಂದರ ಅಂತ ಹೇಳಿ ದಾಟಿಬಿಟ್ಟಿದ್ದೀಯ, ಅದು ನಂಗೆ ಬೇಜಾರಾಯ್ತು. ಆ ಹೂದಾನಿಗಳು ಎಷ್ಟೋ ಸಲ ಶುದ್ಧ ಸುಳ್ಳು ಗೊತ್ತಾ, ಬೇರೆ ಬೇರೆ ಸೀಸನ್‌ನಲ್ಲಿ ಅರಳೋ ಹೂವೆಲ್ಲ ಒಂದೇ ಕಡೆ ಇರ್ತವೆ, ಒಂದೊಂದನ್ನೂ ಅದರದರ ಕಾಲದಲ್ಲಿ ಸ್ಕೆಚ್ ಮಾಡಿಟ್ಕೊಂಡು ಆಮೇಲೆ ಜೋಡಿಸ್ತಿದ್ರು. ಟ್ಯುಲಿಪ್ ಗೆಡ್ಡೆ ರೇಟು ಹುಚ್ಚಾಪಟ್ಟೆ ಏರಿ 1637ರ ಫೆಬ್ರವರಿಲಿ ಬಿದ್ದುಹೋದ ದೇಶ ಅದು, ಅಲ್ಲಿ ಟ್ಯುಲಿಪ್ ಬರೆದ್ರೆ ಹಣದ ವಾಸನೆ ಬಂದೇ ಬರುತ್ತೆ. ರೇಚಲ್ ರೌಶ್ ಅಂತ ಒಬ್ಬ ಡಚ್ ಚಿತ್ರಗಾರ್ತಿ ಇದ್ರು, 1664ರಲ್ಲಿ ಹುಟ್ಟಿದವರು, ಅಪ್ಪ ಸಸ್ಯಶಾಸ್ತ್ರ, ಅಂಗರಚನಾಶಾಸ್ತ್ರ ಎರಡೂ ತಿಳಿದವರು, ಹತ್ತು ಮಕ್ಕಳ ತಾಯಿ, 80 ದಾಟಿದ ಮೇಲೂ ಕುಂಚ ಬಿಡ್ಲಿಲ್ಲ. ಅವರ ಚಿತ್ರದಲ್ಲಿ ಹುಳ ಕಾಣುತ್ತೆ, ಬಾಡ್ತಿರೋ ದಳ ಕಾಣುತ್ತೆ. ಸಾವಿನ ವಿಷಯ ಆ ಹುಳದ ಕಡೆಯಿಂದ ಶುರು ಮಾಡು, ಫಿಲಾಸಫಿ ತಾನಾಗೇ ಬರುತ್ತೆ, ಬರದಿದ್ರೂ ನಷ್ಟ ಇಲ್ಲ.

ವ್ಯಾನ್ ಗೋ ಬಗ್ಗೆ ಎಲ್ಲರೂ ಬರೀತಾರೆ, ಬರಿ ಬೇಡ ಅನ್ನಲ್ಲ. ಆದ್ರೆ ಬರೆಯೋಕ್ ಮುಂಚೆ ಸೂರ್ಯಕಾಂತಿ ಟೈಮಲ್ಲಿ ಗುಂಡ್ಲುಪೇಟೆ ಕಡೆ ಹೋಗ್ಬಾ. ಕಾರು ನಿಲ್ಲಿಸಿ ಸೆಲ್ಫಿ ತಗೊಳೋರಿಗೆ ಹಳದಿ ದಳ ಬೇಕು, ರೈತನಿಗೆ ದಳ ಉದುರಿ ಬೀಜ ತುಂಬಿ ತಲೆ ಬಗ್ಗಿಸಿದ ಹೂವು ಬೇಕು. 1888ರ ಆಗಸ್ಟಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ, ಸ್ನೇಹಿತ ಗೋಗ್ಯಾಂ ಬರ್ತಾನೆ ಅಂತ ರೂಮು ಸಿಂಗರಿಸೋಕೆ ಬರೆದ ಆ ಹೂದಾನಿಲಿ ಎರಡೂ ಇದೆ. ಇನ್ನೊಂದು, ಅವನು ಬಳಸಿದ ಕ್ರೋಮ್ ಹಳದಿ ಬೆಳಕಿಗೆ ನಿಧಾನಕ್ಕೆ ಕಂದು ತಿರುಗೋ ಬಣ್ಣ, ಅಂದ್ರೆ ಬಣ್ಣದ ಹೂವೂ ಬಾಡುತ್ತೆ. ಇಂಥ ಒಂದು ಸಂಗತಿ ಹತ್ತು ವಿಶೇಷಣದ ಕೆಲಸ ಮಾಡುತ್ತೆ.

ಹಾಗಂತ ಎಲ್ಲ ಹೂವಿಗೂ ಅರ್ಥ ಹುಡುಕ್ಬೇಡ ಮತ್ತೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದ್ರೆ ಜನ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇರೋ ಗೋಡೆ ಮುಂದೆ ಗುಂಪು ಕಟ್ಟಿರ್ತಾರೆ, ನೀನು ಕತ್ತೆತ್ತಿ ಛಾವಣಿ ನೋಡು, ಹೂಬಳ್ಳಿ ಹೂಬಳ್ಳಿ, ಏನನ್ನೂ ಸೂಚಿಸದೆ ಸುಮ್ನೆ ಹಬ್ಬಿಕೊಂಡಿದೆ. ಚೆಂದಕ್ಕೆ ಚೆಂದ ಅಂತ ಬರೆಯೋದು ಸಂಕೇತ ಬಿಡಿಸೋದಕ್ಕಿಂತ ಕಷ್ಟ, ಅದನ್ನೂ ಪ್ರಯತ್ನಿಸು.

ಈಗ ಮಾಡೋದು ಇಷ್ಟೇ, ಗುಲಾಬಿ ಪ್ಯಾರಾ ಪೂರ್ತಿ ತೆಗಿ, ರೌಶ್‌ಗೆ ಒಂದು ಪುಟ ಕೊಡು, ಲಕ್ಷ್ಮಿನ ಮತ್ತೆ ನೋಡಿ ಬರಿ. ದಸರಾ ಗಲಾಟೆ ಶುರುವಾಗೋಕ್ ಮುಂಚೆ ಕಳ್ಸು, ಆಮೇಲೆ ಮನೆ ತುಂಬಾ ನೆಂಟರು, ಓದೋಕಾಗಲ್ಲ.