ತುಳಸಿಕಟ್ಟೆ ಅಂಗಳದ ನಡುವೆಯೇ ಇರಲಿ

ಮೆಲ್ಬರ್ನ್
ಕಾರ್ತಿಕ ಶುದ್ಧ ತ್ರಯೋದಶಿ

ಪ್ರೀತಿಯ ಅಮ್ಮನಿಗೂ ಅಪ್ಪಯ್ಯನಿಗೂ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನಿನ್ನೆ ತುಳಸಿ ಪೂಜೆ ಚೆಂದವಾಗಿ ಆಯಿತು. ಫೋಟೊ ಕಳಿಸಿದ್ದೇನೆ, ಆದರೆ ಅದರಲ್ಲಿ ಕಾಣದ್ದು ಬಹಳ ಉಂಟು. ಅಲ್ಲದೆ, ಅಣ್ಣ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಕಾರು ತಿರುಗಿಸಲಿಕ್ಕೆ ಜಾಗವಾಗಲೆಂದು ಕಟ್ಟೆಯನ್ನು ಕಾಂಪೌಂಡಿನ ಮೂಲೆಗೆ ಸರಿಸುತ್ತಾನೆ ಅಂದೆಯಲ್ಲ, ಆ ಮಾತು ಮನಸ್ಸನ್ನು ಕೊರೆಯುತ್ತಲೇ ಇದೆ. ಅದಕ್ಕೇ ಈ ಕಾಗದ.

ಇಲ್ಲಿ ಈಗ ವಸಂತ ಕಾಲ. ಅಕ್ಟೋಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ನಿಮಗಿಂತ ನಾವು ಐದೂವರೆ ಗಂಟೆ ಮುಂದೆ. ನಿಮ್ಮ ಪಂಚಾಂಗದಲ್ಲಿ ಬೆಳಗ್ಗೆ 8ಕ್ಕೆ ಶುರುವಾಗುವ ತಿಥಿ ನಮಗೆ ಮಧ್ಯಾಹ್ನ 1.30ಕ್ಕೆ. ಲೆಕ್ಕ ಹಾಕದೆ ಯಾವ ಹಬ್ಬವೂ ಇಲ್ಲ! ಸೂರ್ಯ ಮುಳುಗುವುದೇ ರಾತ್ರಿ 8ರ ಸುಮಾರಿಗೆ. ಗೋಧೂಳಿಗೆ ಕಾದರೆ ಮಕ್ಕಳಿಗೆ ನಿದ್ದೆಯ ಹೊತ್ತು. ಆದರೂ ಕಾದೆವು. ಹಗಲು ಬೆಳಕಿನಲ್ಲಿ ತುಳಸಿಗೆ ದೀಪ ಹಚ್ಚಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಊರಿಂದ ಗಿಡವನ್ನೋ ಬೀಜವನ್ನೋ ಸುಮ್ಮನೆ ತರುವಂತಿಲ್ಲ, ಇಲ್ಲಿನ ನಿಯಮ ಬಲು ಬಿಗಿ. ನಮ್ಮ ತುಳಸಿ ಇಲ್ಲಿನ ಕನ್ನಡದವರೊಬ್ಬರು ಕೊಟ್ಟ ಸಸಿ. ಚಳಿ 10 ಡಿಗ್ರಿಗಿಂತ ಇಳಿದರೆ ಎಲೆ ಕಪ್ಪಾಗಿ ಉದುರುತ್ತದೆ. ಹಾಗಾಗಿ ಜೂನ್‌ನಿಂದ ಅದು ಮನೆಯೊಳಗೆ, ಉತ್ತರದ ಕಿಟಕಿಯ ಹತ್ತಿರ. ದಕ್ಷಿಣದ ಈ ದೇಶದಲ್ಲಿ ಬಿಸಿಲು ಬರುವುದೇ ಉತ್ತರದಿಂದ. ಸೂರ್ಯ ಪೂರ್ವದಲ್ಲಿ ಹುಟ್ಟಿ ಉತ್ತರದ ಆಕಾಶದಲ್ಲಿ ಹಾದು ಪಶ್ಚಿಮಕ್ಕೆ ಇಳಿಯುತ್ತಾನೆ. ಅಂದರೆ ನಾವು ಪ್ರದಕ್ಷಿಣೆ ಬರುವ ದಿಕ್ಕಿಗೆ ತದ್ವಿರುದ್ಧ! ದೊಡ್ಡವಳು ಅದನ್ನು ಗಮನಿಸಿ, "ಹಾಗಾದರೆ ನಾವೂ ತಿರುಗಿ ಸುತ್ತಬೇಕಾ?" ಅಂತ ಕೇಳಿದಳು. ಸೂರ್ಯ ಹೇಗೇ ಹೋಗಲಿ, ತುಳಸಿ ನಮ್ಮ ಬಲಗೈ ಕಡೆಗಿರಬೇಕು, ಅಷ್ಟೇ, ಅಂದೆ.

ತುಳಸಿಯ ಮದುವೆಗೆ ವರನೆಂದು ಪಕ್ಕದಲ್ಲಿ ಊರುವ ನೆಲ್ಲಿಕೊಂಬೆ ಸಿಗಲಿಲ್ಲ. ಅಂಗಡಿಯಲ್ಲಿ ಸಿಗುವುದು ಹಿಮಗಟ್ಟಿಸಿದ ನೆಲ್ಲಿಕಾಯಿ. ಕರಗಿದ ಮೇಲೆ ಮೆತ್ತಗಾಗಿ, ನೀರು ಬಿಡುತ್ತದೆ. ಅದನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ತಿರುಳು ಕೆತ್ತಿ, ಗಟ್ಟಿ ತುಪ್ಪ ತುಂಬಿಸಿ ಬತ್ತಿ ಇಟ್ಟೆ. ಮೊದಲು ಚಟಚಟ ಅಂತ ಸಿಡಿದು, ಆಮೇಲೆ ನೆಟ್ಟಗೆ ಉರಿಯಿತು. ಕಬ್ಬು ಸಿಕ್ಕಿತು. ವಿಯೆಟ್ನಾಮಿನವರು ಕಬ್ಬಿನಹಾಲಿಗೆಂದು ಇಟ್ಟಿರುತ್ತಾರೆ. ವರನಿಗೇನು ಮಾಡುವುದೆಂದು ಯೋಚಿಸುತ್ತಿರುವಾಗ ಪಕ್ಕದ ಮನೆಯ ನೇಪಾಳದವರು ತಮ್ಮ ಮನೆಯ ಶಾಲಿಗ್ರಾಮವನ್ನೇ ತಂದರು, ಅವರ ಗಂಡಕಿ ನದಿಯದ್ದು. ಅವರಲ್ಲಿ ಆಷಾಢದ ಏಕಾದಶಿಗೆ ತುಳಸಿ ನೆಟ್ಟು, ಕಾರ್ತಿಕದ ಏಕಾದಶಿಗೇ ಮದುವೆ ಮಾಡುತ್ತಾರೆ. ತಮ್ಮ ಮನೆಯ ಮದುವೆ ಮುಗಿಸಿ ನಮ್ಮ ಮದುವೆಗೆ ದಿಬ್ಬಣ ಬಂದ ಹಾಗೆ ಬಂದರು ಅಮ್ಮ. ಅವಲಕ್ಕಿ ಪಂಚಕಜ್ಜಾಯ ಎಲ್ಲರಿಗೂ ಸಾಕಾಯಿತು.

ಮಕ್ಕಳಿಗೆ ಅಜ್ಜಿ ಹೇಳುತ್ತಿದ್ದ ವೃಂದೆಯ ಕಥೆಯನ್ನು ಪೂರ್ತಿ ಹೇಳಿದೆ. ಅವಳ ಗಂಡ, ಅಸುರ ಜಲಂಧರನನ್ನು ದೇವತೆಗಳಿಗೆ ಗೆಲ್ಲಲಾಗದ್ದು ಅವಳ ಪಾತಿವ್ರತ್ಯದಿಂದ. ಅದನ್ನು ಮುರಿಯಲು ವಿಷ್ಣು ಅವಳ ಗಂಡನ ರೂಪದಲ್ಲೇ ಬಂದ. ಗೊತ್ತಾದಾಗ ಅವಳು, ಕಲ್ಲಾಗು ಎಂದು ಶಪಿಸಿ ಬೆಂಕಿಗೆ ಬಿದ್ದಳು. ಆ ಶಾಪವನ್ನು ದೇವರು ತಳ್ಳಿಹಾಕಲಿಲ್ಲ, ಕಲ್ಲಾದ. ತುಳಸಿಯಾಗಿ ಹುಟ್ಟಿದ ಅವಳನ್ನು ವರ್ಷವರ್ಷವೂ ಮದುವೆಯಾಗಲು ಒಪ್ಪಿದ. ನಾಲ್ಕು ತಿಂಗಳ ನಿದ್ದೆಯಿಂದ ಎದ್ದವನು ಮೊದಲು ಬರುವುದು ಇವಳ ಹತ್ತಿರ. ಅದಾದ ಮೇಲೆಯೇ ಉಳಿದವರ ಮದುವೆ ಮುಹೂರ್ತ. ದೇವರೇ ತಪ್ಪಿಗೆ ತಲೆಬಾಗಿದ ಇಂಥ ಮದುವೆಯನ್ನು ಬೇರೆ ಯಾವ ಹಬ್ಬದಲ್ಲೂ ನಾನು ಕಂಡಿಲ್ಲ. ಅನ್ಯಾಯವಾದವಳಿಗೆ ಮನೆಯ ಎದುರು, ಎಲ್ಲರೂ ನೋಡುವ ಕಡೆ ಜಾಗ ಕೊಟ್ಟದ್ದು ನಮ್ಮ ಹಿರಿಯರು. ಅವಳನ್ನು ಕಾರಿಗಾಗಿ ಮೂಲೆಗೆ ಕಳಿಸುವುದು ನನಗೆ ಸಹಿಸುವುದಿಲ್ಲ.

ಇನ್ನೊಂದು ಮಾತು. ಮೂಲೆಗೆ ಹೋದ ಕಟ್ಟೆಗೆ ಸುತ್ತು ಬರುವುದು ಹೇಗೆ? ದೀಪಾವಳಿಯಿಂದ ದ್ವಾದಶಿಯವರೆಗೆ ಅಪ್ಪಯ್ಯ, ದೊಡ್ಡಪ್ಪ, ಆಚೆ ಮನೆಯವರೆಲ್ಲ ಸೇರಿ ತಾಳ ಹಿಡಿದು ತುಳಸಿ ಸಂಕೀರ್ತನೆ ಮಾಡುವಾಗ, ಒಮ್ಮೆ ಕಟ್ಟೆಯ ಕಡೆ ಬಾಗಿ, ಒಮ್ಮೆ ಹಿಂದಕ್ಕೆ ಸರಿದು ಕುಣಿಯಲಿಕ್ಕೆ ಎಷ್ಟು ಜಾಗ ಬೇಕು! ವಾದಿರಾಜರ ಹಾಡುಗಳನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಆ ಸುತ್ತಿನ ಹಿಂದೆ ಓಡಿ. ಇಲ್ಲಿ ಹಿತ್ತಲ ಡೆಕ್ಕಿನ ಮೇಲೆ ಗೋಡೆ ತಾಗುತ್ತದೆ, ಒಬ್ಬರ ಹಿಂದೆ ಒಬ್ಬರು ನುಸುಳಿದೆವು. ನೆಲ್ಲಿಕೊಂಬೆ, ಕಬ್ಬು ಊರಲಿಕ್ಕೆ ಮಣ್ಣೂ ಬೇಕಲ್ಲ? ಇಂಟರ್‌ಲಾಕಿನಲ್ಲಿ ಎಲ್ಲಿ ಊರುತ್ತೀರಿ?

ಮಠದ ಸುದ್ದಿ ಬರೆ. ಲಕ್ಷದೀಪೋತ್ಸವಕ್ಕೆ ಹೋದಿರಾ? ಮಳೆಗಾಲವೆಲ್ಲ ಗರ್ಭಗುಡಿಯಲ್ಲಿದ್ದ ಉತ್ಸವಮೂರ್ತಿ ರಥಬೀದಿಗೆ ಬರುವುದನ್ನು ನೋಡುವ ಆಸೆ ನನಗೆ ಈಗಲೂ ಉಂಟು. ಬೇಳೆಕಾಳು ಮುಟ್ಟದ ನಿನ್ನ ದ್ವಿದಳ ವ್ರತ ಮುಗಿಯಿತಲ್ಲ, ಒಂದು ತಿಂಗಳ ಮೇಲೆ ಇವತ್ತು ಹುಳಿಗೆ ತೊಗರಿಬೇಳೆ ಬಿದ್ದಿರಬೇಕು. ಅಪ್ಪಯ್ಯ ಎರಡು ಸಲ ಬಡಿಸಿಕೊಂಡರಾ?

ಅಣ್ಣನಿಗೆ ಹೇಳು: ಬಾವಿಯ ಕಡೆಯ ಕ್ರೋಟನ್ ಸಾಲು ತೆಗೆದರೆ ಕಾರು ಧಾರಾಳ ತಿರುಗುತ್ತದೆ. ಕಟ್ಟೆಯ ಸುತ್ತ ನಾಲ್ಕು ಮೊಳ ಮಣ್ಣು ಬಿಟ್ಟು ಆಚೆಗೆ ಹಾಸಲಿ. ಅದಕ್ಕೆ ಹೆಚ್ಚು ಖರ್ಚಾದರೆ ನಾನು ಕಳಿಸುತ್ತೇನೆ. ಮೇಸ್ತ್ರಿ ಬರುವ ಮೊದಲು ಈ ಕಾಗದ ಅಣ್ಣನಿಗೆ ಓದಲು ಕೊಡು. ಶನಿವಾರ ನಾನೇ ಫೋನ್ ಮಾಡಿ ಮಾತಾಡುತ್ತೇನೆ.

ನಿಮ್ಮ ಮಗಳು