ಗವಿಗೆ ಗಾಜಿನ ಬಾಗಿಲು ಬೇಡ

ಕಲಬುರಗಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ಚರ್ಚಿನ ಅಂಗಳದಲ್ಲಿರುವ ಲೂರ್ದು ಮಾತೆ ಮರಿಯಮ್ಮನವರ ಗವಿಗೆ ಗಾಜಿನ ಬಾಗಿಲು ಹಾಕಿಸಿ ಬೀಗ ಜಡಿಯಬೇಕೆಂದು ಸಮಿತಿಯಲ್ಲಿ ಮಾತು ಎದ್ದಿದೆ. ಧೂಳು, ಮಸಿ, ಪಾರಿವಾಳದ ಕಾಟವಂತೆ. ನೀನೂ ಫೋನಿನಲ್ಲಿ, "ಹಾಕಿಸಲಿ ಬಿಡವ್ವ, ಸ್ವಚ್ಛವಾಗಿರುತ್ತದೆ" ಎಂದೆ. ನನಗೆ ಒಪ್ಪಿಗೆಯಿಲ್ಲ. ಫೋನಿನಲ್ಲಿ ವಾದಕ್ಕಿಳಿದರೆ ನೀನು ನಡುವೆಯೇ ಡ್ಯೂಟಿಗೆ ಓಡುತ್ತೀಯ; ಅದಕ್ಕೇ ಈ ಕಾಗದ.

ಬಲಿಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲು ಮುಚ್ಚುತ್ತದೆ. ಗವಿಗೆ ಹೊತ್ತುಗೊತ್ತಿಲ್ಲ. ಚರ್ಚಿನೊಳಗೆ ಕಾಲಿಡಲು ಹಿಂಜರಿಯುವವರೂ ಅಲ್ಲಿಗೆ ಬರುತ್ತಾರೆ. ಶರಣಬಸವೇಶ್ವರರಿಗೆ ನಡೆದುಕೊಳ್ಳುವವರು, ಬಂದೇ ನವಾಜರ ದರ್ಗಾಕ್ಕೆ ಹೋಗುವವರು, ಎಲ್ಲರೂ. ಕೆಲವರು ತೆಂಗಿನಕಾಯಿ ತಂದು, ಒಡೆಯುವುದೋ ಬಿಡುವುದೋ ತಿಳಿಯದೆ ತಾಯಿಯ ಪಾದದ ಬಳಿ ಇಟ್ಟು ಹೋಗುತ್ತಾರೆ. ರೋಗಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದವರು ಗಡಿಯಾರ ನೋಡಿಕೊಂಡು ಬರುತ್ತಾರೆಯೇ? ನರ್ಸಾದ ನಿನಗೆ ಇದನ್ನು ನಾನು ಹೇಳಬೇಕೆ?

ಮಸಿಯ ಚಿಂತೆ ಸಮಿತಿಯವರಿಗೇಕೆ? ಶಹಾಬಾದ್ ಹಾಸುಗಲ್ಲಿಗೆ ಅಂಟಿದ ಮೇಣವನ್ನು ಶನಿವಾರ ಶನಿವಾರ ಹಳೆಯ ಚಾಕುವಿನಿಂದ ಕೆರೆಯುವವಳು ನಾನು. ನಮ್ಮೂರ ಏಪ್ರಿಲ್ ಬಿಸಿಲಿಗೆ ಮೇಣದಬತ್ತಿ ಹಚ್ಚುವ ಮೊದಲೇ ಬಾಗಿ, ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಮೇಲೆ ಮಲಗಿಬಿಡುತ್ತದೆ. ಆಗ ಮೇಣ ಕಲ್ಲಿನ ಸಂದಿಗಿಳಿದು ನನ್ನ ಉಗುರು ಕೀಳಿಸುತ್ತದೆ. ಆದರೂ ನಾನು ಬಾಗಿಲು ಕೇಳಿದವಳಲ್ಲ.

ಫ್ರಾನ್ಸಿನ ಲೂರ್ದು ಊರಿನಲ್ಲಿಯೂ ಹೀಗೇ ಆಗಿತ್ತು. 1858ರ ಫೆಬ್ರವರಿ 11ರಂದು ಸೌದೆ ಆರಿಸಲು ಹೋದ ಹುಡುಗಿ ಬೆರ್ನಾಡೆಟ್‌ಗೆ ತಾಯಿ ಕಾಣಿಸಿಕೊಂಡದ್ದು ಊರ ಹೊರಗೆ, ಹಂದಿ ಮೇಯಿಸುತ್ತಿದ್ದ ಜಾಗದ ಬಂಡೆಯಲ್ಲಿ. ಜನ ಸೇರುವುದು ಹೆಚ್ಚಾದಾಗ ಜೂನ್ ತಿಂಗಳಲ್ಲಿ ಅಧಿಕಾರಿಗಳು ಹಲಗೆ ಬಡಿದು ಗವಿಯನ್ನು ಮುಚ್ಚಿಸಿದರು. ಜುಲೈ 16ರಂದು ಬೆರ್ನಾಡೆಟ್ ಹೊಳೆಯ ಆಚೆ ದಡದಲ್ಲಿ ಮೊಣಕಾಲೂರಿದಳು. ಕೊನೆಯ ದರ್ಶನ ಅಲ್ಲಿಂದಲೇ ಆಯಿತು. ಅಕ್ಟೋಬರ್‌ನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೇ ಹಲಗೆ ತೆಗೆಸಬೇಕಾಯಿತು. ಆ ಅಧಿಕಾರಿಗಳಿಗೇ ದಕ್ಕದ ಕೆಲಸಕ್ಕೆ ನಮ್ಮವರು ಕೈ ಹಾಕಿದ್ದಾರೆ!

ಗಾಜಿನ ದುಡ್ಡಿನಲ್ಲಿ ಮೇಣದಬತ್ತಿ ನಿಲ್ಲಿಸಲು ಮರಳು ತುಂಬಿದ ಕಬ್ಬಿಣದ ತಟ್ಟೆ ಮಾಡಿಸಲಿ, ಜಪಸರ ಹೇಳುವ ಮುದುಕಿಯರಿಗೆ ಕೂರಲು ಒಂದು ಕಲ್ಲುಬೆಂಚು ಹಾಕಿಸಲಿ. ಇದನ್ನೇ ಭಾನುವಾರದ ಸಭೆಯಲ್ಲಿ ಹೇಳುತ್ತೇನೆ. ದನಿ ಏರಿಸಬೇಡ ಎಂದು ನಿಮ್ಮಪ್ಪ ಈಗಲೇ ಎಚ್ಚರಿಸಿದ್ದಾರೆ. ನೋಡೋಣ.

ನಿನ್ನ ಅವ್ವ