ನೆರೆ ಬಂದರೆ ಪಡಿತರಕ್ಕೂ ರಜೆಯೇ?

ಮಾನ್ಯ ಸಂಪಾದಕರೇ,

ಭೀಮಾ ತೀರದ ಹಳ್ಳಿಗಳಿಗೆ ಸೆಪ್ಟೆಂಬರ್ ತಿಂಗಳ ಪಡಿತರ ಸರಿಯಾಗಿ ತಲುಪಿಲ್ಲವೆಂದು ನಿನ್ನೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಇದಕ್ಕೆಲ್ಲ ಪ್ರಕೃತಿ ವಿಕೋಪವೇ ಕಾರಣವೆಂದು ಹೇಳಿ ಸಂಬಂಧಪಟ್ಟ ಅಧಿಕಾರಿ ಕೈತೊಳೆದುಕೊಂಡಿದ್ದಾರೆ. ಆ ಸಾಲನ್ನು ಓದುವಾಗ ನಾನು ಮೂರನೆಯ ಸಲ ನ್ಯಾಯಬೆಲೆ ಅಂಗಡಿಯಿಂದ ಖಾಲಿ ಚೀಲ ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತಿದ್ದೆನಾದ್ದರಿಂದ ಈ ಪತ್ರ ಬರೆಯದೆ ಇರಲಾಗಲಿಲ್ಲ.

ನಮ್ಮ ಕಾರ್ಡು ತಾಯಿಯವರ ಹೆಸರಿನಲ್ಲಿದೆ. ಅವರಿಗೀಗ 78 ವರ್ಷ. ಮೊದಲ ದಿನ ಹೋದಾಗ ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿರುವುದರಿಂದ ಲಾರಿ ಬಂದಿಲ್ಲವೆಂದರು; ಒಪ್ಪಿದೆವು. ಎರಡನೆಯ ಸಲ ಅಕ್ಕಿ ಬಂದಿತ್ತು, ಸರ್ವರ್ ಇರಲಿಲ್ಲ. ಮೂರನೆಯ ಸಲ ಅಕ್ಕಿಯೂ ಇತ್ತು, ಸರ್ವರ್ ಕೂಡ ದೊಡ್ಡ ಮನಸ್ಸು ಮಾಡಿತ್ತು, ಆದರೆ ತಾಯಿಯವರ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ತಲೆಗೂದಲಿಗೆ ತಿಕ್ಕಿಸಿ, ಎಡಗೈ ಬಲಗೈ ಸೇರಿ ಆರು ಸಲ ಒತ್ತಿಸಿದರು. ಐವತ್ತು ವರ್ಷ ಕಳೆ ಕಿತ್ತು, ಜೋಳ ಕೊಯ್ದು, ರೊಟ್ಟಿ ಬಡಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? ತಾಲ್ಲೂಕಿಗೆ ಹೋಗಿ ಇ-ಕೆವೈಸಿ (ಗುರುತಿನ ದೃಢೀಕರಣ) ಮಾಡಿಸಿಕೊಂಡು ಬನ್ನಿ ಎಂಬ ಅಪ್ಪಣೆಯಾಯಿತು. ನೆರೆಯಿಂದಾಗಿ ಬಸ್ಸಿಲ್ಲದ ದಿನಗಳಲ್ಲಿ ಆಟೋದವರು ಕೇಳುವ ಬಾಡಿಗೆಯಲ್ಲಿ ಪೇಟೆಯಿಂದಲೇ ಅಕ್ಕಿ ತರಬಹುದೆಂಬುದು ಅಪ್ಪಣೆ ಕೊಟ್ಟವರಿಗೂ ಗೊತ್ತು. ಯಂತ್ರಕ್ಕೆ ಹೆಬ್ಬೆಟ್ಟು ಹೊಂದಿಕೆಯಾಗಿ ಅಕ್ಕಿ ಪಡೆದ ಪಕ್ಕದ ಮನೆಯವರ ಭಾಗ್ಯವನ್ನೂ ನೋಡಿದೆ. ಚೀಲದ ತಳದ ಅಕ್ಕಿ ನೆನೆದು ಹೆಂಟೆಗಟ್ಟಿತ್ತು, ಮುಗ್ಗಲು ವಾಸನೆ ಬಾಗಿಲವರೆಗೆ ಬರುತ್ತಿತ್ತು.

ಹೊಲದವರಿಗೆ ರೇಷನ್ನಿನ ಹಂಗೇಕೆ ಎಂದು ಪಟ್ಟಣದ ಓದುಗರು ಕೇಳಬಹುದು. ಮೂರು ಎಕರೆ ಒಣಭೂಮಿ ನಮ್ಮದು. ಆಗಸ್ಟಿನಲ್ಲಿ ಕಟಾವಿಗೆ ಬಂದಿದ್ದ ಹೆಸರು ಬಿಡುವಿಲ್ಲದ ಮಳೆಗೆ ಗಿಡದ ಮೇಲೆಯೇ ಕಾಯಿಯೊಳಗೆ ಮೊಳಕೆಯೊಡೆಯಿತು. ಮಹಾರಾಷ್ಟ್ರದ ಉಜನಿ ಮತ್ತು ಸೀನಾ ಜಲಾಶಯಗಳಿಂದ ಬಿಟ್ಟ ನೀರು ಸೆಪ್ಟೆಂಬರ್ ಕೊನೆಯಲ್ಲಿ ತೊಗರಿಯ ಸಾಲುಗಳಲ್ಲಿ ನಿಂತು ಬೇರು ಕೊಳೆಸಿತು. ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ನಾವೀಗ ಬೇಳೆಯನ್ನು ಕಾಲು ಕಿಲೋ ಲೆಕ್ಕದಲ್ಲಿ ತರುತ್ತಿದ್ದೇವೆ. 2023ರಲ್ಲಿ ಇದರ ತಿರುಗುಮುರುಗು. ಆ ವರ್ಷದ್ದು ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಹಿಂದಿನ ವರ್ಷ ತೊಗರಿಗೆ ಗಿಡವನ್ನೇ ಒಣಗಿಸುವ ನೆಟೆ ರೋಗ. ನಮ್ಮಜ್ಜನ ಕಾಲದಲ್ಲಿ ಒಳ್ಳೆಯ ಮಳೆಯಾದ ವರ್ಷದ ಜೋಳವನ್ನು ನೆಲದೊಳಗಿನ ಕಣಜವಾದ ಹಗೇವಿನಲ್ಲಿ ತುಂಬಿಟ್ಟು ಕೆಟ್ಟ ವರ್ಷವನ್ನು ದಾಟುತ್ತಿದ್ದರು. ಈಗ ಕೆಟ್ಟ ವರ್ಷಗಳೇ ಸಾಲಾಗಿ ಬರುತ್ತಿವೆ, ತುಂಬಿಡುವುದು ಏನನ್ನು?

ಆ ಬರದ ವರ್ಷವೇ ಕೇಂದ್ರದ ಭಾರತೀಯ ಆಹಾರ ನಿಗಮ ರಾಜ್ಯಕ್ಕೆ ಹೆಚ್ಚುವರಿ ಅಕ್ಕಿ ಮಾರುವುದಿಲ್ಲವೆಂದಿತು. ರಾಜ್ಯ ಸರ್ಕಾರ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ನಮ್ಮೂರ ಅಂಗಡಿಗಳಲ್ಲಿ ಆ ಬೆಲೆಗೆ ನುಚ್ಚಕ್ಕಿ ಸಿಕ್ಕರೆ ಪುಣ್ಯ.

ಇನ್ನು ಪ್ರಕೃತಿ ವಿಕೋಪದ ನೆಪಕ್ಕೆ ಬರುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಧಾನ್ಯ ಕೊಡಲಾಗದಿದ್ದರೆ ರಾಜ್ಯ ಸರ್ಕಾರ ಭತ್ಯೆ ಕೊಡಬೇಕು. ಆದರೆ ಅದೇ ಕಾಯ್ದೆಯ 44ನೇ ಸೆಕ್ಷನ್ ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪಗಳಿಂದ ಪೂರೈಕೆಗೆ ಅಡ್ಡಿಯಾದಾಗ ಸರ್ಕಾರವನ್ನು ಹೊಣೆಯಿಂದ ಬಿಡಿಸುತ್ತದೆ. ಹೊಟ್ಟೆಗೆ ಗ್ಯಾರಂಟಿ ಬೇಕಾಗುವುದೇ ನೆರೆ ಬರಗಳಲ್ಲಿ; ಕಾಯ್ದೆಗೆ ರಜೆಯೂ ಆಗಲೇ. ಅಂಥ ರಜೆ ವರ್ಷ ಬಿಟ್ಟು ವರ್ಷ ಬರುವಂತೆ ಹವಾಮಾನವೇ ಬದಲಾಗಿರುವಾಗ ಆಹಾರದ ಹಕ್ಕು ಎಂಬುದು ಬಿಸಿಲು ಮಳೆ ಹದವಾಗಿದ್ದಾಗ ಮಾತ್ರ ನಡೆಯುವ ಹಕ್ಕಾಯಿತು. ಅಷ್ಟಕ್ಕೂ ಅಂಥ ಪರಿಸ್ಥಿತಿ ಒದಗಿದೆಯೇ ಇಲ್ಲವೇ ಎಂದು ಘೋಷಿಸುವ ಅಧಿಕಾರವನ್ನು ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಮ್ಮಲ್ಲಿ ಗೋದಾಮಿನ ಬಾಗಿಲಲ್ಲಿ ನಿಂತವರೇ ಘೋಷಿಸಿ ಮುಗಿಸಿದ್ದಾರೆ. ಬರಪೀಡಿತ ಪ್ರದೇಶಗಳಲ್ಲಿ ಪಡಿತರ ಚೀಟಿ ಇಲ್ಲವೆಂಬ ಕಾರಣಕ್ಕೂ ಧಾನ್ಯ ನಿರಾಕರಿಸಕೂಡದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತ್ತು. ಇಲ್ಲಿ ಚೀಟಿ ಇದೆ, ಮನುಷ್ಯರೂ ಎದುರಿಗೇ ಇದ್ದಾರೆ, ಬೆರಳಿನ ಗೆರೆ ಇಲ್ಲ. ಮಳೆಗಾಲಕ್ಕೆ ಮುನ್ನವೇ ಆಗಸ್ಟ್‌ವರೆಗಿನ ಧಾನ್ಯ ಹಂಚಿಬಿಡಿ ಎಂದು 2025ರಲ್ಲಿ ಕೇಂದ್ರವೇ ರಾಜ್ಯಗಳಿಗೆ ಸೂಚಿಸಿತ್ತಂತೆ. ನಮ್ಮ ನದಿ ಉಕ್ಕುವುದು ಸೆಪ್ಟೆಂಬರಿನಲ್ಲಿ ಎಂದು ಅದಕ್ಕೆ ಯಾರು ಹೇಳಬೇಕು?

ಬೆಳೆಹಾನಿ ಸಮೀಕ್ಷೆಯ ಕಥೆಯೂ ಇಂಥದೇ. ಗ್ರಾಮ ಲೆಕ್ಕಿಗರೆಂಬ ಹೆಸರು ಹೋಗಿ ಗ್ರಾಮ ಆಡಳಿತಾಧಿಕಾರಿಗಳಾದರು, ಕೆಸರಿಗೆ ಕಾಲಿಡುವ ಅಭ್ಯಾಸ ಮಾತ್ರ ಹೊಸ ಹೆಸರಿನೊಂದಿಗೆ ಬರಲಿಲ್ಲ. ಡಾಂಬರು ರಸ್ತೆಯ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ನಮ್ಮ ತೊಗರಿಗಿಂತ ಬದುವಿನ ಜಾಲಿಯೇ ಚೆನ್ನಾಗಿ ಬಿದ್ದಿದೆ. ಹೆಕ್ಟೇರಿಗೆ 8,500 ರೂಪಾಯಿ ಪರಿಹಾರ, ಅದರ ಮೇಲೆ ರಾಜ್ಯದ ಇನ್ನೊಂದು 8,500 ಎಂಬ ಘೋಷಣೆ ಜಾಲಿಗೆ ಸಂದೀತೋ ತೊಗರಿಗೆ ಸಂದೀತೋ ಕಾದು ನೋಡಬೇಕು. ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಪಡಿತರ ವಿತರಣೆಯ ಮೇಲೆ ಕಣ್ಣಿಡಬೇಕಾದ ಜಾಗೃತಿ ಸಮಿತಿಯ ಸದಸ್ಯರ ಹೆಸರುಗಳಿವೆ. ಅವರಲ್ಲಿ ಇಬ್ಬರು ತೀರಿಕೊಂಡು ವರ್ಷಗಳಾದವು. ಉಳಿದವರಿಗೆ ತಾವು ಸದಸ್ಯರೆಂಬುದೇ ಗೊತ್ತಿಲ್ಲ.

ಆದ್ದರಿಂದ ಮೇಲಿನವರು ಕೂಡಲೇ ಗಮನ ಹರಿಸಿ ನದಿ ತೀರದ ಊರುಗಳಿಗೆ ಎರಡು ತಿಂಗಳ ಧಾನ್ಯವನ್ನು ಮುಂಚಿತವಾಗಿ ಕೊಡಲಿ. ಅದಾಗದಿದ್ದರೆ ಭತ್ಯೆಯನ್ನಾದರೂ ಕೊಡಲಿ. ಎರಡೂ ಆಗದಿದ್ದರೆ 44ನೇ ಸೆಕ್ಷನ್ನನ್ನು ಅಂಗಡಿಯ ಗೋಡೆಯ ಮೇಲೆ, ತೀರಿಕೊಂಡ ಆ ಇಬ್ಬರು ಸದಸ್ಯರ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಲಿ. ಪ್ರಕೃತಿಯ ಮೇಲೆ ಹೊರೆ ಹಾಕಿದ ಅಧಿಕಾರಿಗಳು ಒಮ್ಮೆ ನಮ್ಮ ಓಣಿಗೆ ದಯಮಾಡಿಸಲಿ. ಪಕ್ಕದ ಮನೆಯವರು ಆ ಅಕ್ಕಿಯನ್ನು ಇನ್ನೂ ಚೆಲ್ಲಿಲ್ಲ.

– ನೊಂದ ಪಡಿತರ ಚೀಟಿದಾರ, ಕಲಬುರಗಿ ಜಿಲ್ಲೆ